ಹೆಬ್ಬಾತಿನ ತಲೆಗೆ ಮಸಿ ಹತ್ತಿದ್ದು

ಲೋಕ ಇನ್ನೂ ಹಸಿಹಸಿಯಾಗಿದ್ದ ಕಾಲ. ಬೆಟ್ಟಗಳ ಮೇಲೆ ಆಗಷ್ಟೇ ಮೊದಲ ಹಿಮ ಬಿದ್ದಿತ್ತು. ಆಗ ಹೆಬ್ಬಾತಿನ ತಲೆ ಹಾಲಿನ ಕೆನೆಯಂತೆ ಬೆಳ್ಳಗಿತ್ತು.

ಬೆಳ್ಳವ್ವ ಹೆಬ್ಬಾತುಗಳ ಯಜಮಾನಿ. ಬೆಟ್ಟ ದಾಟುವ ಹಾದಿ ಅವಳೊಬ್ಬಳಿಗೇ ಗೊತ್ತು. ಅವಳ ತಲೆಯೊಳಗೆ ಯೋಚನೆಯ ಮಿಂಚು ಹೊಡೆದಾಗಲೆಲ್ಲ ಒಂದಿಷ್ಟು ಜಿಡ್ಡು ಉಳಿಯುತ್ತಿತ್ತು. ಅಲ್ಲೇ ವಾಸವಿದ್ದ ನಕ್ಷತ್ರದಾಕಾರದ ಆಳುಗಳು ಆ ಜಿಡ್ಡನ್ನು ಹೊತ್ತು ತಂದು ತಲೆಯೊಳಗಿನ ಎರಡು ಒಲೆಗಳಲ್ಲಿ ಉರಿಸುತ್ತಿದ್ದರು. ಆ ಕಾವಿನಿಂದಲೇ ತಲೆ ಚುರುಕಾಗಿತ್ತು. ಆದರೆ ಅವರನ್ನು ಯಾರೂ ಮಾತಾಡಿಸುತ್ತಿರಲಿಲ್ಲ. ಕೊಳೆ ಹೊರುವವರನ್ನು ಯಾರು ಮಾತಾಡಿಸುತ್ತಾರೆ?

ಬೆಟ್ಟ ದಾಟಲು ಹೊರಡುವ ಮುಂಜಾನೆ ಕೆರೆಯ ಕೊಕ್ಕರೆ ಕಿಸಕ್ಕನೆ ನಕ್ಕಿತು. "ಅಯ್ಯೋ, ಯಜಮಾನಿಯ ಹಿಂದಲೆಗೆ ಎಳೆಯಷ್ಟು ಮಸಿ!"

ಬೆಳ್ಳವ್ವನಿಗೆ ಮೈಯೆಲ್ಲ ಉರಿಯಿತು. "ಆರಿಸಿರೇ ಒಲೆ!" ಎಂದು ಅಬ್ಬರಿಸಿದಳು.

"ಜಿಡ್ಡನ್ನು ಎಲ್ಲಿ ಹಾಕೋಣ ತಾಯಿ?" ಎಂದಳು ಆಳುಗಳ ಹಿರಿಯಳಾದ ಕೆಂಡಕ್ಕ.

"ಎಲ್ಲಾದರೂ ಹಾಕಿ. ನನ್ನ ಬಿಳುಪು ಕೆಡಬಾರದು."

ಒಲೆ ಆರಿತು. ಗುಂಪು ಹಾರಿತು.

ಮೇಲೇರಿದಂತೆ ಗಾಳಿ ತೆಳುವಾಯಿತು. ಹಾದಿ ಹುಡುಕಿ ಹುಡುಕಿ ಮಿಂಚು ಹೆಚ್ಚಿತು, ಜಿಡ್ಡೂ ಹೆಚ್ಚಿತು. ತಲೆಯೊಳಗೆ ಮೂಲೆ ತುಂಬಿತು, ಓಣಿ ತುಂಬಿತು. ಹಳಸಿದ ಜಿಡ್ಡು ಕೊಳೆತು ಬೆಳ್ಳವ್ವನ ತಲೆ ಮಂಕಾಯಿತು.

"ಅವ್ವಾ, ಎಡಕ್ಕೋ ಬಲಕ್ಕೋ?" ಮಗಳು ಗರಿಗಿ ಕೂಗಿದಳು.

ಬೆಳ್ಳವ್ವ ಎಡಕ್ಕೆ ಹೊರಳಿದಳು, ಮತ್ತೆ ಬಲಕ್ಕೆ ಹೊರಳಿದಳು.

"ಅವ್ವಾ, ಅದೇ ಬಂಡೆಯನ್ನೇ ಸುತ್ತುತ್ತಿದ್ದೇವೆ!"

"ನೀನು ಯಾರ ಮಗಳೇ?" ಎಂದಳು ಬೆಳ್ಳವ್ವ.

ಗರಿಗಿ ಹಿಂತಿರುಗಿ ನೋಡಿದಳು. ಹಿಂದೆ ಸೋತ ಮರಿಗಳು ಒಂದೊಂದಾಗಿ ಕೆಳಗೆ ಜಾರುತ್ತಿದ್ದವು. ಗಾಳಿ ಉಗಿಯಿತು: "ಥೂ! ನಿನ್ನ ಬಿಳುಪಿಗೆ ಇಷ್ಟು ಮರಿಗಳ ಹೆಣ ಬೇಕೇನೇ?"

ಆ ಮಾತು ಜಿಡ್ಡನ್ನೂ ಸೀಳಿಕೊಂಡು ಒಳಗಿಳಿಯಿತು. "ಒಳಗೆ ಯಾರಿದ್ದೀರಿ? ಒಲೆ ಹಚ್ಚಿರೇ!" ಎಂದು ಬೆಳ್ಳವ್ವ ಚೀರಿದಳು.

"ಯಾರಿದ್ದೀರಿ ಅಂತ ಕೇಳಿದ್ದು ಇದೇ ಮೊದಲು," ಎಂದಳು ಕೆಂಡಕ್ಕ. "ಮಸಿ ಹತ್ತುತ್ತದೆ. ತೊಳೆದರೂ ಹೋಗುವುದಿಲ್ಲ."

"ಹತ್ತಲಿ! ಮರಿಗಳು ಉಳಿಯಲಿ!"

ಎರಡು ಒಲೆಗಳು ಭುಗ್ಗೆಂದವು. ಆಳುಗಳು ಜಿಡ್ಡನ್ನು ಬಾಚಿ ಬಾಚಿ ಉರಿಗೆ ಎಸೆದರು. ಹೊಗೆ ಹಿಂದಲೆಯಿಂದ ಎರಡು ಪಟ್ಟೆಯಾಗಿ ಹೊರಬಂತು.

"ಬಲಕ್ಕೆ, ಗರಿಗಿ! ಆ ಕಣಿವೆಗೆ!"

ಜಾರಿದ ಮರಿಗಳೂ ರೆಕ್ಕೆ ಬಡಿದು ಸೇರಿಕೊಂಡವು, ಗುಂಪು ದಾಟಿತು. ಒಂದು ಮರಿ ಮಾತ್ರ ಹಿಮದಲ್ಲೇ ಉಳಿಯಿತು. ಅದನ್ನು ಕೊಂದದ್ದು ಚಳಿಯಲ್ಲ, ಬೆಳ್ಳವ್ವನ ಬಿಳುಪು.

ಚಳಿಗಾಲಕ್ಕೆ ನಮ್ಮ ಕೆರೆಗೆ ಬರುವ ಹೆಬ್ಬಾತಿನ ಹಿಂದಲೆ ನೋಡು ಮಗು: ಬೆಳ್ಳವ್ವನ ಸಂತತಿಗೆಲ್ಲ ಇಳಿದು ಬಂದ ಆ ಎರಡು ಕಪ್ಪು ಪಟ್ಟೆ ಕೆಂಡಕ್ಕನ ಒಲೆಯ ಮಸಿ, ದಿನವೆಲ್ಲ ನೀರಲ್ಲೇ ಇದ್ದರೂ ಯಾವ ಹೆಬ್ಬಾತೂ ಅದನ್ನು ತೊಳೆಯಲು ಹೋಗುವುದಿಲ್ಲ.