ತಾತನವರ ಆಡು

ಪೂಜ್ಯ ಬೂದಯ್ಯ ತಾತನವರು ತಮ್ಮ ಕಡೆಯ ವರ್ಷಗಳನ್ನು ಕಳೆದದ್ದು ಮಠದಲ್ಲಲ್ಲ, ಗುಡಿಯಲ್ಲೂ ಅಲ್ಲ. ಉಪ್ಪಲಗುಡ್ಡದ ಊರಾಚೆ ಹಾಳುಬಿದ್ದಿದ್ದ ಒಂದು ಸುಣ್ಣದ ಭಟ್ಟಿಯೇ ಅವರ ನೆಲೆ. ಮಸಿ ಹಿಡಿದ ಗೋಡೆ, ಹಾಸಲು ಗೋಣಿತಟ್ಟು, ನೀರಿಗೊಂದು ಮಣ್ಣಿನ ಗಡಿಗೆ. ಮಠ ಕಟ್ಟಿಸಿಕೊಡುತ್ತೇವೆಂದು ಭಕ್ತರು ಎಷ್ಟು ಕಾಡಿದರೂ ಒಪ್ಪಲಿಲ್ಲ. "ಇಲ್ಲಿ ಕಲ್ಲು ಬೆಂದು ಸುಣ್ಣ ಆಗತಿತ್ತಪ್ಪಾ. ನಾನೂ ಬೇಯ್ತೀನೋ ಇಲ್ಲೋ ನೋಡೂಣು," ಎಂದು ನಕ್ಕುಬಿಡುತ್ತಿದ್ದರು. ತಾತನವರು ಬತ್ತಿದ ಬಾವಿಗೆ ನೀರು ತರಿಸಿದರು, ಹಾವನ್ನು ಮಾತಾಡಿಸಿದರು ಎಂದು ಹೇಳುವವರು ಹೇಳಲಿ, ನಾನು ಬೇಡವೆನ್ನುವುದಿಲ್ಲ. ನನ್ನ ಮೈ ಇವತ್ತಿಗೂ ಜುಂ ಎನ್ನುವುದು ಒಂದು ಆಡಿನ ಸಂಗತಿ ನೆನೆದಾಗ. ಹೇಳಿದವನು ದುರುಗಪ್ಪ. ಕಣ್ಣಾರೆ ಕಂಡವನು.

ದುರುಗಪ್ಪ ಹತ್ತಿ ಮಿಲ್ಲಿನಲ್ಲಿ ಹಮಾಲ. ಹೆಂಡತಿ ಹುಲಿಗೆಮ್ಮ. ಇಬ್ಬರಿಗೂ ಒಬ್ಬಳೇ ಮಗಳು, ಪಾರಿ. ಆ ಕೂಸಿಗೆ ಒಂದು ದಿನ ಅಂಗಳದಲ್ಲಿ ಆಡುವಾಗ ಜಾಲಿಮುಳ್ಳು ಚುಚ್ಚಿತು. ಮುಳ್ಳು ತೆಗೆದದ್ದೂ ಆಯಿತು, ಕೂಸು ಮತ್ತೆ ಆಟಕ್ಕೆ ಓಡಿದ್ದೂ ಆಯಿತು. ಹಳ್ಳಿಯ ಮಕ್ಕಳಿಗೆ ಮುಳ್ಳೇನು ಹೊಸದೇ? ಆದರೆ ಸ್ವಲ್ಪ ದಿನದಲ್ಲಿ ದವಡೆ ಕಚ್ಚಿಕೊಂಡಿತು. ಧನುರ್ವಾಯು. ಆಸ್ಪತ್ರೆ ಮುಟ್ಟಿದರೂ ಉಳಿಯಲಿಲ್ಲ. ಮಣ್ಣು ಮಾಡಿ ಬಂದ ದಿನ ದುರುಗಪ್ಪ ಸಂಕಟ ತಾಳಲಾರದೆ ಹೆಂಡತಿಗೆ, "ನೀ ಸರಿಯಾಗಿ ನೋಡಿದ್ರ ನನ್ನ ಮಗಳು ಉಳೀತಿದ್ಲು," ಎಂದುಬಿಟ್ಟ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಆಮೇಲೆ ಆ ಮನೆಯಲ್ಲಿ ಪಾರಿಯ ಹೆಸರನ್ನು ಯಾರೂ ಎತ್ತಲಿಲ್ಲ.

ತಂಗಿ ಹೀಗೆ ಗೋಡೆ ನೋಡುತ್ತ ಕೂತರೆ ಹುಚ್ಚಿಯಾದಾಳು ಎಂದು ಹುಲಿಗೆಮ್ಮನ ಅಣ್ಣ ಒಂದು ಕರಿಯ ಆಡು ತಂದು ಕಟ್ಟಿ ಹೋದ. ಪಾಪ, ಒಳ್ಳೆಯದಕ್ಕೇ ತಂದ. ಆದರೆ ಹುಲಿಗೆಮ್ಮ ಹುಟ್ಟಿದಾಗಿನಿಂದ ಒಂದು ಕೋಳಿ ಸಾಕಿದವಳೂ ಅಲ್ಲ. ಆಡು ಕೆಮ್ಮಿದರೆ ಇವಳ ಎದೆ ಧಸಕ್ಕೆನ್ನುವುದು. ಬೇಲಿಗೆ ಕಿವಿ ತರಚಿದರೆ ಹಳೆಯ ಸೀರೆ ಹರಿದು ತಲೆಗೆಲ್ಲ ಸುತ್ತುವಳು. ಕೋಡಿನ ಬುಡದಲ್ಲಿ ಒಂದು ಹನಿ ರಕ್ತ ಕಂಡದ್ದಕ್ಕೆ ಆಡನ್ನು ಹೆಗಲಮೇಲೆ ಹೊತ್ತು ದನದ ಡಾಕ್ಟರ ಹತ್ತಿರ ಓಡಿದಳು. "ಆಡು ಗಟ್ಟಿ ಐತವ್ವಾ, ಸಲೈನು ನಿನಗ ಹಾಕಬೇಕು," ಎಂದು ಅವರು ನಕ್ಕರು. ಕಡೆಗೆ ಅದನ್ನು ಹೊರಗೆ ಬಿಡುವುದನ್ನೇ ನಿಲ್ಲಿಸಿ ಮನೆಯೊಳಗೆ ಕಟ್ಟಿದಳು. "ಆಡು ಮುಟ್ಟದ ಸೊಪ್ಪಿಲ್ಲ ಅಂತಾರ, ಇವರ ಆಡಿಗೆ ಸೊಪ್ಪಿನ ಮುಖಾನ ಗೊತ್ತಿಲ್ಲ," ಎಂದು ಓಣಿಯ ಹೆಂಗಸರು ಆಡಿಕೊಂಡರು. ನಗುವವರಿಗೇನು? ಸಣ್ಣ ಗಾಯ ಎಷ್ಟು ದೊಡ್ಡದಾಗಬಲ್ಲದು ಎಂದು ಕಂಡವಳು ಅವಳೊಬ್ಬಳೇ ಅಲ್ಲವೇ?

ಒಂದು ಮಧ್ಯಾಹ್ನ ಆಡು ಹಗ್ಗ ಹರಿದುಕೊಂಡು ಬೇಲಿ ನುಗ್ಗಿತು. ಕುಂಟುತ್ತ ವಾಪಸು ಬಂತು. ಗೊರಸಿನ ಸಂದಿಯಲ್ಲಿ ಜಾಲಿಮುಳ್ಳು! ಶಿವಶಿವಾ, ಆ ತಾಯಿಯ ಜೀವ ಹೇಗಾಗಿರಬೇಡ! ಮುಳ್ಳು ಕಿತ್ತಳು. ದುರುಗಪ್ಪ ಮಿಲ್ಲಿಗೆ ಹೋಗಿದ್ದ, ಮನೆಯಲ್ಲಿ ನರಪಿಳ್ಳೆ ಇರಲಿಲ್ಲ. ಭಟ್ಟಿಯ ದಿಕ್ಕಿಗೆ ಸೆರಗೊಡ್ಡಿ, "ಯಪ್ಪಾ ತಾತಾ, ಇದೊಂದು ಬದುಕಿದ್ರ ಇದನ್ನ ನಿನಗ ಬಿಡ್ತೀನಿ," ಎಂದು ಹರಕೆ ಹೊತ್ತುಬಿಟ್ಟಳು.

ಗಾಯ ಬೇಗ ಮಾಯಿತು. ಆಗ ಅವಳಿಗೆ ತಾನೇನು ನುಡಿದೆನೆಂಬುದು ತಲೆಗೆ ಹೊಕ್ಕಿತು. ನಮ್ಮ ಜನ ಹೀಗೆಯೇ! ಒಂದು ತೆಂಗಿನಕಾಯಿ ಎನ್ನಬಹುದಿತ್ತು, ಉರುಳುಸೇವೆ ಎನ್ನಬಹುದಿತ್ತು. ಯಾವುದು ಕೈಬಿಡಬಾರದೆಂದು ಬೇಡಿದಳೋ ಅದನ್ನೇ ಕೊಡುತ್ತೇನೆಂದಿದ್ದಳು. ಒಪ್ಪಿಸಿದರೆ ಆಡು ಹೋಗುತ್ತದೆ, ಒಪ್ಪಿಸದಿದ್ದರೆ ಹರಕೆ ತಪ್ಪಿದ್ದಕ್ಕೆ ಅದರ ಜೀವವೇ ಹೋದೀತು. ಉಗುಳಲೂ ಆಗದು, ನುಂಗಲೂ ಆಗದು. ಕಡೆಗೆ ಒಂದು ಮುಂಜಾನೆ ಯಾರಿಗೂ ಕಾರಣ ಹೇಳದೆ ಹಗ್ಗ ಹಿಡಿದು ಹೊರಟಳು. ದುರುಗಪ್ಪ ಬೈಯುತ್ತ ಬೆನ್ನು ಹತ್ತಿದ. ಅವನಿಗೆ ಸಾಧುಗಳೆಂದರೆ ಆಗುತ್ತಿರಲಿಲ್ಲ. "ಬೂದಿ ಬಡಕೊಂಡ ಮುದುಕನ ಕಡೆ ಆಡು ಹೊಡಕೊಂಡು ಹೊಂಟಾಳ! ಅವನೇನು ದನದ ಡಾಕ್ಟ್ರೇನು?" ಎಂದು ದಾರಿಯುದ್ದಕ್ಕೂ ಗೊಣಗಿದ.

ತಾತನವರು ಭಟ್ಟಿಯ ಬಾಯಲ್ಲಿ ಕುಳಿತು ದಬ್ಬಣದಿಂದ ಗೋಣಿತಟ್ಟು ಹೊಲಿಯುತ್ತಿದ್ದರು. ತಲೆ ಎತ್ತಲಿಲ್ಲ.

"ಬಂತೇನವ್ವಾ ನಮ್ಮ ಆಡು?" ಎಂದರು.

ಹುಲಿಗೆಮ್ಮ ನಿಂತಲ್ಲೇ ನಿಂತಳು. ಗಂಡನಿಗೂ ಹೇಳದ ಹರಕೆ! "ಯಾವ ಆಡು? ಯಾರ ಆಡು?" ಎಂದು ದುರುಗಪ್ಪ ಒದರಿದ. ಆಗ ಅಳುತ್ತ ಎಲ್ಲವನ್ನೂ ಹೇಳಿ, ಹಗ್ಗವನ್ನು ತಾತನವರ ಪಾದದ ಬಳಿ ಇಟ್ಟು ಕೂತಳು. ಆಡು ಮಾತ್ರ ಹೊಸ ಒಡೆಯರ ಗೋಣಿತಟ್ಟನ್ನೇ ಜಗಿಯತೊಡಗಿತು. ತಾತನವರು ಜಗಿಯಗೊಟ್ಟರು. ಅದರ ಪಕ್ಕೆಲುಬು ಮುಟ್ಟಿ ನೋಡಿದರು.

"ನನ್ನ ಆಡು ಯಾಕವ್ವಾ ಬಡವಾಗೈತಿ?"

"ಹೊರಗ ಬಿಟ್ಟಿಲ್ರೀ ಯಪ್ಪಾ. ಮುಳ್ಳು ಚುಚ್ಚತಾವ."

ತಾತನವರು ಹಗ್ಗವನ್ನು ಎತ್ತಿ ಅವಳ ಕೈಯಲ್ಲೇ ಇಟ್ಟರು. "ಆಡು ನಂದು. ಮೇಯ್ಸಾಕ ನನಗ ಯಾರೂ ಇಲ್ಲ, ನೀ ಮೇಯ್ಸು. ಚುಚ್ಚಿದ್ರ ಮುಳ್ಳು ತಗಿ, ತೊಳಿ, ಬೇವಿನೆಣ್ಣಿ ಹಚ್ಚು. ಕಾಲು ಬಾತರ ಡಾಕ್ಟ್ರಿಗೆ ತೋರ್ಸು. ಅಷ್ಟು ನಿನ್ನ ಕೆಲಸ. ಉಳ್ಸೋದು ನನ್ನ ಕೆಲಸ. ನನ್ನ ಕೆಲಸಕ್ಕ ಕೈ ಹಾಕಬ್ಯಾಡ."

"ಸತ್ತರ, ಯಪ್ಪಾ?"

"ಸತ್ತರ ನನ್ನ ಆಡು ಸಾಯತೈತಿ. ನಾ ಅಳ್ತೀನಿ. ನೀನೂ ಬಾ, ಕೂಡಿ ಅಳೂಣು."

ಹುಲಿಗೆಮ್ಮ ಏಳಲಿಲ್ಲ. ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು. ಆಮೇಲೆ, ಇಷ್ಟು ಕಾಲ ಯಾರೂ ಕೇಳದಿದ್ದದ್ದನ್ನು ತಾನೇ ಹೇಳಿದಳು. "ನನ್ನ ಪಾರಿಗೂ ಮುಳ್ಳು ತಗದಿದ್ದೆ ಯಪ್ಪಾ."

"ತೊಳದಿದ್ದೇನು?"

"ತೊಳದಿದ್ದೆ. ಅರಿಷಿಣ ಹಚ್ಚಿದ್ದೆ. ದವಡಿ ಹಿಡಿದ ಕೂಡಲೇ ಹೊತಗೊಂಡು ಓಡಿದ್ದೆ."

ತಾತನವರ ಕಣ್ಣಿನಿಂದ ನೀರು ಇಳಿಯಿತು. ಕಾಮಕ್ರೋಧಗಳನ್ನು ಸುಟ್ಟ ಆ ಮಹಾನುಭಾವರು ಒಬ್ಬ ಹಮಾಲನ ಹೆಂಡತಿಯ ಮುಂದೆ ಕೂತು ಅತ್ತರು. "ಹಂಗಾರ ನಿನ್ನ ಕೆಲಸ ನೀ ಮಾಡಿದ್ದಿ, ಮಗಳ," ಎಂದರು. "ಪೂರಾ ಮಾಡಿದ್ದಿ."

ದುರುಗಪ್ಪ ಕುಸಿದು ತಾತನವರ ಕಾಲಿಗೆ ಕೈ ಚಾಚಿದ. ಅವರು ತಟ್ಟನೆ ಕಾಲು ಹಿಂದಕ್ಕೆಳೆದುಕೊಂಡರು. "ಈ ಕಾಲಿಗಲ್ಲಪ್ಪಾ," ಎಂದಷ್ಟೇ ನುಡಿದು ಮತ್ತೆ ದಬ್ಬಣ ಕೈಗೆತ್ತಿಕೊಂಡರು. ಯಾರ ಕಾಲು ಎಂದು ಅವನಿಗೆ ತಿಳಿಯಿತು. ಆದರೆ ಗಂಡಸಿನ ಸೊಕ್ಕು ನೋಡಿ, ಅಲ್ಲಿ ಬಾಗಲಾಗಲಿಲ್ಲ. ಎದ್ದು ದೂರ ಸರಿದ. ಮುಂದೆ ಅದೇ ದುರುಗಪ್ಪ ಮಿಲ್ಲಿನ ಕೆಲಸ ಮುಗಿಸಿ ದಿನಾ ತಾತನವರ ಗಡಿಗೆಗೆ ನೀರು ತುಂಬಿದ. ತಾತನವರು ದೇಹ ಬಿಟ್ಟ ಮೇಲೂ ಭಟ್ಟಿಯ ಕಸ ಗುಡಿಸಿದ. ಗುಡಿಸುತ್ತಲೇ ಅವನು ನನಗೆ ಇದನ್ನೆಲ್ಲ ಹೇಳಿದ್ದು.

ಅಂದು ತಿರುಗಿ ಬರುವಾಗ ಹುಲಿಗೆಮ್ಮ ಆಡಿನ ಕೊರಳಿನ ಹಗ್ಗ ಬಿಚ್ಚಿದಳಂತೆ. ಅದು ನೇರ ಜಾಲಿಯ ಪೊದೆಗೇ ನುಗ್ಗಿ ಕಾಯಿ ತಿನ್ನತೊಡಗಿತು. ಅವಳು ಓಡಲಿಲ್ಲ, ಕೂಗಲಿಲ್ಲ. ನೆರಳಿನಲ್ಲಿ ಕೂತಳು. ದುರುಗಪ್ಪ ತುಸು ದೂರ ನಿಂತಿದ್ದವನು ಬಂದು ಪಕ್ಕದಲ್ಲಿ ಕೂತ. ನೆಲ ನೋಡುತ್ತ ಕೇಳಿದ:

"ಮುಳ್ಳು ತಗಿಯೋವಾಗ ಪಾರಿ ಭಾಳ ಅತ್ತಿದ್ಲೇನು?"

"ಇಲ್ಲ," ಎಂದಳು ಹುಲಿಗೆಮ್ಮ. "ಕಚಗುಳಿ ಆಗತೈತಿ ಬಿಡಬೇ ಯವ್ವಾ ಅಂತ ನಕ್ಕಿದ್ಲು."