ಅಚ್ಚುಕಟ್ಟಾದ ಮನೆ

“ಗುರುಗಳೇ, ಹೆಮ್ಮೆಯನ್ನು ಬಿಡಬೇಕು ಎಂದು ತಾವು ಹೇಳುತ್ತೀರಿ. ನನಗೆ ಹೊಲದ ಬಗ್ಗೆ ಹೆಮ್ಮೆಯಿಲ್ಲ, ಹಣದ ಬಗ್ಗೆ ಹೆಮ್ಮೆಯಿಲ್ಲ. ಆದರೆ ನನ್ನ ಮನೆ ನಡೆಯುವ ರೀತಿಯ ಬಗ್ಗೆ ಇದೆ. ಏಳುವುದು, ಉಣ್ಣುವುದು, ಮಲಗುವುದು ಎಲ್ಲಕ್ಕೂ ನಮ್ಮಲ್ಲಿ ಒಂದು ಕ್ರಮವಿದೆ. ಈ ಹೆಮ್ಮೆಯೂ ತಪ್ಪೇ?”

ಹೀಗೆ ಕೇಳಿದವನು ವಿರುಪಣ್ಣ ಎಂಬ ಗೃಹಸ್ಥ ಶಿಷ್ಯ. ಪಾಠ ಮುಗಿದು ಉಳಿದವರೆಲ್ಲ ಎದ್ದು ಹೋಗಿದ್ದರು. ಗುರುಗಳು ತಪ್ಪು ಎನ್ನಲಿಲ್ಲ, ಸರಿ ಎನ್ನಲಿಲ್ಲ. ಒಂದು ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಅವನ ಅಂಗಡಿಗಿಂತ ಅವನ ಮನೆಗೇ ಹೆಚ್ಚು ಹೆಸರಿತ್ತು. ಸೂರ್ಯ ಹುಟ್ಟುವ ಮೊದಲೇ ಆ ಮನೆಯ ಹೊಸ್ತಿಲು ತೊಳೆದಿರುತ್ತಿತ್ತು. ವರ್ತಕ ಸ್ನಾನ ಮುಗಿಸಿ ಬರುವಷ್ಟರಲ್ಲಿ ಪೂಜೆಯ ಹೂವು ತಟ್ಟೆಯಲ್ಲಿ ಇರುತ್ತಿತ್ತು. ಮಧ್ಯಾಹ್ನ ಅವನು ಅಂಗಡಿಯಿಂದ ಬಂದು ಕಾಲು ತೊಳೆಯುವ ಸದ್ದಾದರೆ ಒಳಗೆ ಎಲೆ ಹಾಕುತ್ತಿದ್ದರು. ಬಿಳಿ ಅನ್ನ, ತುಪ್ಪ ಹಾಕಿದ ತೊವ್ವೆ, ಚೂರು ಬೆಲ್ಲ ಬಿದ್ದ ತಿಳಿಸಾರು, ಬಟ್ಟಲನ್ನು ವಾಲಿಸಿದರೂ ಅಲುಗದ ಗಟ್ಟಿ ಮೊಸರು. ಊಟವಾದ ಮೇಲೆ ತೆಳ್ಳಗೆ ಕತ್ತರಿಸಿದ ಅಡಿಕೆ, ಎಳೆಯ ವೀಳ್ಯದೆಲೆ. ಇದು ಅವನ ತಾಯಿಯ ಕಾಲದಿಂದ ಬಂದ ಪದ್ಧತಿ. ತಾಯಿ ಅದನ್ನು ಸೊಸೆಗೆ ಕಲಿಸಿ ಕಣ್ಣು ಮುಚ್ಚಿದ್ದಳು. ಆ ಸೊಸೆ, ಎಂದರೆ ವರ್ತಕನ ಹೆಂಡತಿ ಕೊಟ್ರವ್ವ, ಅದನ್ನು ಒಂದು ದಿನವೂ ತಪ್ಪಿಸಿರಲಿಲ್ಲ.

ವರ್ತಕ ಬೇರೆಯವರ ಮನೆಗೆ ಊಟಕ್ಕೆ ಹೋದರೆ ಬಂದ ಮೇಲೆ ಅವರ ಸಾರಿನಲ್ಲಿ ಹುಣಿಸೆ ಹೆಚ್ಚಾಗಿತ್ತು, ಅವರ ಮೊಸರು ನೀರಾಗಿತ್ತು ಎಂದು ಹೇಳದೆ ಇರುತ್ತಿರಲಿಲ್ಲ. ಊರಿನವರಿಗೆ ಅದರಿಂದ ಬೇಸರವೂ ಆಗುತ್ತಿರಲಿಲ್ಲ, ಏಕೆಂದರೆ ಅವನು ಹೇಳಿದ್ದು ನಿಜವಿರುತ್ತಿತ್ತು. ಮಗಳನ್ನು ಗಂಡನ ಮನೆಗೆ ಕಳಿಸುವ ತಾಯಂದಿರು, ನಾಲ್ಕು ದಿನ ಕೊಟ್ರವ್ವನ ಜೊತೆ ಇದ್ದು ನೋಡಿ ಬಾ ಎಂದು ಹೇಳಿ ಕಳಿಸುತ್ತಿದ್ದರು. ಆಗೆಲ್ಲ ವರ್ತಕನ ಎದೆ ಉಬ್ಬುತ್ತಿತ್ತು. ಕೊಟ್ರವ್ವನಿಗೂ ಹೆಮ್ಮೆ ಇರಲಿಲ್ಲವೆಂದಲ್ಲ. ಊರಿಗೇ ಮಾದರಿಯಾದ ಸೊಸೆ ಎಂಬ ಮಾತನ್ನು ಅವಳು ಒಡವೆಯಂತೆ ಕಾಪಾಡಿಕೊಂಡಿದ್ದಳು.

ಹೀಗೆ ಕಾಲ ಹೋಗಿ ಮಗನಿಗೂ ಮದುವೆಯಾಯಿತು. ಮನೆಗೆ ಸೊಸೆ ಬಂದಳು. ಕೊಟ್ರವ್ವ ತನ್ನ ಅತ್ತೆ ಕಲಿಸಿದ್ದನ್ನು ಅವಳಿಗೂ ಕಲಿಸಿದಳು.

ಒಂದು ವರ್ಷ ಕೊಟ್ರವ್ವ ಜ್ವರದಲ್ಲಿ ಮಲಗಿದಳು. ಜ್ವರ ಬಿಟ್ಟಿತು, ಹಸಿವು ಮರಳಲಿಲ್ಲ. ಗಂಜಿ ಕೊಟ್ಟರೆ ಎರಡು ಗುಟುಕಿಗೆ ಸಾಕೆನ್ನುತ್ತಿದ್ದಳು. ಹಣ್ಣಿನ ರಸ ಹೊಟ್ಟೆಯಲ್ಲಿ ನಿಲ್ಲುತ್ತಿರಲಿಲ್ಲ. ದಿನದಿಂದ ದಿನಕ್ಕೆ ಕೈಯ ಬಳೆಗಳು ಸಡಿಲವಾದವು. ವೈದ್ಯರು ಬಂದು ನಾಡಿ ನೋಡಿ ವರ್ತಕನನ್ನು ಹೊರಗೆ ಕರೆದರು. ಔಷಧ ಮಾಡುವುದನ್ನೆಲ್ಲ ಮಾಡಿದೆ, ಇನ್ನು ಉಳಿದದ್ದು ಅನ್ನದ ಕೆಲಸ ಎಂದರು. ಹೀಗೇ ಬಿಟ್ಟರೆ ಜೀವ ಸೋರಿಹೋಗುತ್ತದೆ, ಅವರಿಗೆ ಪ್ರಿಯವಾದದ್ದನ್ನು ಮಾಡಿ ಕೊಡಿ, ಇಷ್ಟದ ರುಚಿ ನಾಲಿಗೆಗೆ ತಗುಲಿದರೆ ಹಸಿವು ತಾನಾಗಿ ಏಳುತ್ತದೆ ಎಂದು ಹೇಳಿ ಹೊರಟರು.

ವರ್ತಕನಿಗೆ ಸಮಾಧಾನವಾಯಿತು. ಇಷ್ಟೇ ತಾನೇ ಎಂದುಕೊಂಡು ಅಡಿಗೆಮನೆಯ ಬಾಗಿಲಿಗೆ ಹೋದ. ಸೊಸೆ ತಲೆಯೆತ್ತಿ ನೋಡಿದಳು. ಏನು ಮಾಡು ಎಂದು ಹೇಳಬೇಕು? ಅವನಿಗೆ ತಿಳಿಯಲಿಲ್ಲ. ನಿಮ್ಮ ಅತ್ತೆಗೆ ಏನು ಇಷ್ಟ ಎಂದು ಅವಳನ್ನೇ ಕೇಳಿದ. ಅತ್ತೆ ಎಲ್ಲರಿಗೂ ಬಡಿಸಿ ಕೊನೆಗೆ ಉಳಿದದ್ದನ್ನು ಉಣ್ಣುತ್ತಿದ್ದರು, ಇದು ಬೇಕು ಎಂದದ್ದನ್ನು ತಾನು ಕೇಳಿಲ್ಲ ಎಂದಳು ಸೊಸೆ. ಮಗನನ್ನು ಕೇಳಿದ. ಮಗ ತಲೆ ತಗ್ಗಿಸಿದ. ಕೊನೆಗೆ ತನಗೆ ಪ್ರಿಯವಾದ ತೊವ್ವೆಯನ್ನೇ ಮಾಡಿಸಿ ಕಳಿಸಿದ. ಕೊಟ್ರವ್ವ ಮನೆಯವರ ಮನಸ್ಸು ನೋಯಬಾರದೆಂದು ಒಂದು ತುತ್ತು ಬಾಯಿಗಿಟ್ಟುಕೊಂಡು ಮುಖ ತಿರುಗಿಸಿದಳು.

ಆಗ ವರ್ತಕ ತಾನೇ ಹೋಗಿ ಅವಳ ಹಾಸಿಗೆಯ ಬಳಿ ಕುಳಿತ.

“ನಿನಗೆ ಉಣ್ಣಲು ಏನು ಇಷ್ಟ, ಹೇಳು. ಏನಿದ್ದರೂ ತರಿಸುತ್ತೇನೆ.”

ಕೊಟ್ರವ್ವ ಯೋಚಿಸಿದಳು. ಮನೆಯಲ್ಲಿ ಎಲ್ಲೋ ಇಟ್ಟ ವಸ್ತುವನ್ನು ಹುಡುಕುವವಳ ಹಾಗೆ ಅವಳ ಹುಬ್ಬು ಗಂಟಾಯಿತು.

“ನಿಮಗೆ ತೊವ್ವೆ ಆಗಬೇಕು. ಮಗನಿಗೆ ಕರಿದ ಹಪ್ಪಳ ಇರಬೇಕು. ಅತ್ತೆಯವರಿಗೆ ಮೊಸರನ್ನ ಆಗಬೇಕಿತ್ತು. ನನಗೆ...” ಎಂದು ನಿಲ್ಲಿಸಿದಳು. ಆಮೇಲೆ, “ನನಗೆ ಮರೆತುಹೋಗಿದೆ” ಎಂದಳು.

ಅವಳ ದನಿಯಲ್ಲಿ ದೂರು ಇರಲಿಲ್ಲ. ಕೇಳಿದ್ದಕ್ಕೆ ಉತ್ತರ ಕೊಡಲಾಗಲಿಲ್ಲವಲ್ಲ ಎಂದು ನಾಚಿಕೊಂಡು ಸ್ವಲ್ಪ ನಕ್ಕಳು ಕೂಡ. ಅವಳು ಬೈದಿದ್ದರೆ ವರ್ತಕ ತಡೆದುಕೊಳ್ಳುತ್ತಿದ್ದ. ಆ ನಗುವನ್ನು ತಡೆದುಕೊಳ್ಳಲು ಅವನಿಂದ ಆಗಲಿಲ್ಲ. ಎದ್ದು ಹೊರಗೆ ಬಂದು ಗಾಡಿ ಕಟ್ಟಿಸಿದ.

ಕೊಟ್ರವ್ವನ ತವರು ನದಿಯ ಆಚೆಯ ಹಳ್ಳಿ. ಅಲ್ಲಿ ಈಗ ಅವಳ ಅಕ್ಕ ಒಬ್ಬಳೇ ಉಳಿದಿದ್ದಳು. ಸಂತೆಯ ದಿನ ಅಂಗಡಿ ಮುಚ್ಚಿ ವರ್ತಕ ತನ್ನ ಮನೆಗೆ ಬಂದದ್ದನ್ನು ಕಂಡು ಅವಳು ಗಾಬರಿಯಾದಳು. ಅವನು ನೀರನ್ನೂ ಮುಟ್ಟದೆ ಬಂದ ಕಾರಣ ಹೇಳಿದ. ತಂಗಿಗೆ ಏನು ಇಷ್ಟವೆಂದು ಕೇಳಲು ಇಷ್ಟು ದೂರ ಬಂದಿರಾ ಎಂದು ಅವಳಿಗೆ ಮೊದಲು ನಗು ಬಂತು. ಅವನ ಮುಖ ನೋಡಿ ನಗು ನಿಂತಿತು.

ನವಣೆ ಅನ್ನ, ಹುರುಳಿ ಕಟ್ಟಿನ ಸಾರು ಎಂದಳು. ಬೆಳ್ಳುಳ್ಳಿ ಒಗ್ಗರಣೆ ಬಿದ್ದ ದಿನ ಹುಡುಗಿಯನ್ನು ಒಲೆಯ ಮುಂದಿನಿಂದ ಎಬ್ಬಿಸಲು ಆಗುತ್ತಿರಲಿಲ್ಲ ಎಂದಳು. ಆಮೇಲೆ ತಡೆದು ತಡೆದು ಇನ್ನೊಂದು ಮಾತು ಹೇಳಿದಳು. ಮದುವೆಯಾದ ಹೊಸದರಲ್ಲಿ ತಂಗಿ ಗಂಡನ ಮನೆಯಲ್ಲಿ ಒಮ್ಮೆ ಅದನ್ನು ಮಾಡಿದ್ದಳಂತೆ. ಹುರುಳಿ ಎತ್ತಿಗೆ ಹಾಕುವ ಕಾಳು ಎಂದು ಗಂಡ ಎಲೆ ಬಿಟ್ಟು ಎದ್ದನಂತೆ. ಮತ್ತೆ ಅವಳು ಅದರ ಮಾತೆತ್ತಲಿಲ್ಲ.

ವರ್ತಕನಿಗೆ ನೆನಪಾಯಿತು. ಅದನ್ನು ಅವನು ಮರೆತಿರಲೂ ಇಲ್ಲ. ಹೆಂಡತಿಗೆ ಮನೆಯ ಪದ್ಧತಿ ಕಲಿಸಿದ್ದು ಹೇಗೆ ಎಂದು ಅಂಗಡಿಯಲ್ಲಿ ನಾಲ್ಕು ಜನರ ಮುಂದೆ ಆ ಸಂಗತಿಯನ್ನು ಎಷ್ಟೋ ಸಲ ಹೇಳಿ ನಗಿಸಿದ್ದ.

ತನ್ನ ಜೊತೆ ಬಂದು ಆ ಅಡಿಗೆ ಮಾಡಿಕೊಡಬೇಕೆಂದು ಅವನು ಬೇಡಿಕೊಂಡ. ಅಕ್ಕ ಒಪ್ಪಲಿಲ್ಲ.

“ನಾನು ಬಂದು ಮಾಡಿದರೆ ಅದು ತವರಿನ ಊಟವಾಗುತ್ತದೆ. ಅವಳಿಗೆ ಬೇಕಾದದ್ದು ತನ್ನ ಮನೆಯ ಊಟ. ಬನ್ನಿ, ಕಲಿಸುತ್ತೇನೆ.”

ಎಂದೂ ಸೌಟು ಹಿಡಿಯದ ವರ್ತಕ ಒಲೆಯ ಮುಂದೆ ಕುಳಿತ. ನೆನೆದ ಹುರುಳಿಯನ್ನು ಬೇಯಿಸುವುದು, ಕಟ್ಟು ಬಸಿಯುವುದು, ಸುಟ್ಟ ಈರುಳ್ಳಿಯ ಜೊತೆ ಕಾಯಿ ಜೀರಿಗೆ ಅರೆಯುವುದು, ಎಲ್ಲವನ್ನೂ ನೋಡಿ, ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿತ. ಹೊಗೆಗೆ ಕಣ್ಣು ಕೆಂಪಾದವು. ಹೊರಡುವಾಗ ಅಕ್ಕ ಹುರುಳಿ, ನವಣೆಯ ಗಂಟುಗಳನ್ನು ಕಟ್ಟಿಕೊಟ್ಟಳು.

ಊರ ಬಾಗಿಲಲ್ಲಿ ಅವನು ಗಾಡಿಯಿಂದ ಇಳಿದ. ಗಂಟುಗಳನ್ನು ಹೆಗಲಿಗೆ ಹಾಕಿಕೊಂಡು ಪೇಟೆಬೀದಿಯ ನಡುವೆಯೇ ನಡೆದ. ಹಿಂದಿನ ಓಣಿಯಿಂದ ಹೋಗಬಹುದಿತ್ತು, ಹೋಗಲಿಲ್ಲ. ಎದುರು ಅಂಗಡಿಯವನು ಗಂಟು ಮುಟ್ಟಿ ನೋಡಿ, ಹುರುಳಿ ತಂದಿರಲ್ಲ, ಎತ್ತಿಗೋ ಎಂದು ಕೇಳಿದ. ಅಲ್ಲ, ನಮ್ಮ ಮನೆಯವಳಿಗೆ ಎಂದು ವರ್ತಕ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಬೀದಿಯಲ್ಲಿ ಕೆಲವರು ಮುಖ ಮುಖ ನೋಡಿಕೊಂಡರು. ಅವನು ತಲೆ ತಗ್ಗಿಸದೆ ಮನೆ ಸೇರಿದ.

ಮರುದಿನ ಸೊಸೆಯನ್ನು ಪಕ್ಕಕ್ಕೆ ಕೂರಿಸಿ ತಾನೇ ಅಡಿಗೆಗೆ ನಿಂತ. ಬೆಳ್ಳುಳ್ಳಿಯ ಒಗ್ಗರಣೆ ಸಿಡಿದಾಗ ಅದರ ವಾಸನೆ ನಡುಮನೆ ದಾಟಿ ದೇವರ ಕೋಣೆಗೂ ಹೋಯಿತು. ಹೊಸ ಮದುವೆಯ ಆ ಒಂದು ದಿನ ಬಿಟ್ಟರೆ ಆ ಮನೆಯಲ್ಲಿ ಅಂಥ ವಾಸನೆ ಎಂದೂ ಎದ್ದಿರಲಿಲ್ಲ. ಮಲಗಿದ್ದ ಕೊಟ್ರವ್ವ ಕಣ್ಣು ಬಿಟ್ಟಳು. ಯಾರೂ ಹಿಡಿದೆತ್ತದೆ ಮೊಣಕೈ ಊರಿ ಎದ್ದು ಕುಳಿತಳು.

ವರ್ತಕ ತಟ್ಟೆ ತಂದು ಅವಳ ಮುಂದಿಟ್ಟ. ಅವಳು ತಟ್ಟೆಯನ್ನು ನೋಡಿದಳು, ಗಂಡನನ್ನು ನೋಡಿದಳು. ನವಣೆ ಅನ್ನವನ್ನು ಸಾರಿಗೆ ಕಲಸಿ ಒಂದು ತುತ್ತು ಉಂಡಳು. ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ. ಇನ್ನೊಂದು ತುತ್ತು ಉಂಡಳು. ಮನೆಯವರೆಲ್ಲ ಸುತ್ತ ನಿಂತು ನೋಡುತ್ತಿದ್ದರು. ಮೂರನೆಯ ತುತ್ತಿಗೆ ಕೈ ನಿಲ್ಲಿಸಿ ಅವಳು ಹೇಳಿದಳು:

“ಉಪ್ಪು ಸಾಲದು.”

ಸೊಸೆ ಬೆಚ್ಚಿದಳು. ಊಟದಲ್ಲಿ ಕೊರತೆ ಹೇಳುವ ಅಧಿಕಾರ ಆ ಮನೆಯಲ್ಲಿ ಒಬ್ಬನಿಗೆ ಮಾತ್ರ ಇತ್ತು. ವರ್ತಕ ಎದ್ದು ಹೋಗಿ ಉಪ್ಪಿನ ಮರಿಗೆಯನ್ನೇ ತಂದು ಅವಳ ಪಕ್ಕದಲ್ಲಿಟ್ಟ. ಅವಳು ತನಗೆ ಬೇಕಾದಷ್ಟು ಹಾಕಿಕೊಂಡು ತಟ್ಟೆ ಖಾಲಿ ಮಾಡಿದಳು.

ಕೊಟ್ರವ್ವ ನಿಧಾನವಾಗಿ ಚೇತರಿಸಿಕೊಂಡಳು. ಒಂದೊಂದೇ ರುಚಿ ಅವಳಿಗೆ ನೆನಪಾಗುತ್ತ ಬಂತು. ಅವಳು ಕೇಳುವುದನ್ನು ಕಂಡು ಸೊಸೆಯೂ ಬಾಯಿಬಿಟ್ಟು, ತನಗೆ ಸಾರಿನಲ್ಲಿ ಬೆಲ್ಲ ಸೇರುವುದಿಲ್ಲ ಎಂದಳು. ಆ ಮನೆಯಲ್ಲಿ ಕೆಲವು ದಿನ ಎರಡು ಬಗೆಯ ಸಾರು ಆಗುತ್ತಿತ್ತು, ಕೆಲವು ದಿನ ಊಟ ತಡವಾಗುತ್ತಿತ್ತು. ವರ್ತಕನ ಮನೆಯ ಕ್ರಮ ಕೆಟ್ಟಿತು ಎಂದು ಊರು ಆಡಿಕೊಂಡಿತು. ವರ್ತಕ ಮಾತ್ರ ಬಟ್ಟೆ ಅಳೆದು ಕೊಡುತ್ತ, ಬಂದವರಿಗೆಲ್ಲ, ನಾನು ಮಾಡಿದ ಸಾರಿಗೆ ನಮ್ಮವಳು ಉಪ್ಪು ಸಾಲದು ಎಂದಳು ಎಂದು ಹೇಳಿಕೊಳ್ಳುತ್ತಿದ್ದ. ಅರಸನ ಕೈಯಿಂದ ಶಾಲು ಪಡೆದವನು ಕೂಡ ಅಷ್ಟು ಬೀಗಿರಲಾರ.

ಗುರುಗಳು ಇಲ್ಲಿಗೆ ಕತೆ ನಿಲ್ಲಿಸಿದರು. ವಿರುಪಣ್ಣ, ಹಾಗಾದರೆ ಅವನ ಹೆಮ್ಮೆ ಹೋಗಲೇ ಇಲ್ಲವಲ್ಲ, ಹೆಮ್ಮೆಯಲ್ಲಿ ಯಾವುದು ತಪ್ಪು, ಯಾವುದು ಸರಿ ಎಂದು ಮತ್ತೆ ಕೇಳಿದ. ಗುರುಗಳು ಹೇಳಿದರು:

“ಅದನ್ನು ನಾಳೆ ನೋಡೋಣ, ಈಗ ಬೇಗ ಮನೆಗೆ ಹೋಗು, ತನಗೆ ಏನು ಇಷ್ಟ ಎಂದು ನಿನ್ನ ಹೆಂಡತಿಗೆ ಇನ್ನೂ ನೆನಪಿರಬಹುದು.”