ಮುಚ್ಚಿದ ಮಗ್ಗದ ಕುಣಿ

ಗುರುಪಾದ ಕೇಳಿದ: "ಅಜ್ಜಾರೆ, ನಮ್ಮಣ್ಣನ ಜೊತೆ ಮನೋರೋಗದ ಆಸ್ಪತ್ರೆ ಸೇರಿದವರೆಲ್ಲ ಮನೆಗೆ ಹೋದರು. ಅವನಿಗಿಂತ ಹೆಚ್ಚು ಕೂಗಾಡುತ್ತಿದ್ದವರೂ ಹೋದರು. ಅವನೊಬ್ಬ ಇನ್ನೂ ಅಲ್ಲೇ ಇದ್ದಾನೆ. ಡಾಕ್ಟರು ಒಂದೇ, ಮಾತ್ರೆ ಒಂದೇ. ಇದು ರೋಗದ ಬಲವೋ, ನಮ್ಮ ಹಣೆಬರಹವೋ?"

ಮಠದ ಅಜ್ಜನವರು ಶೇಂಗಾ ಸುಲಿಯುತ್ತ ಕೂತಿದ್ದರು. "ಹಣೆಬರಹವನ್ನು ಅಷ್ಟು ಬೇಗ ಯಾಕೆ ಎಳೆದು ತರುತ್ತೀ? ಅದಕ್ಕೂ ಬೇರೆ ಕೆಲಸ ಇರುತ್ತದೆ. ಕೂಡು, ಒಂದು ಕತೆ ಹೇಳುತ್ತೇನೆ," ಎಂದರು.

ಗುರುಪಾದನಿಗೆ ಕತೆ ಬೇಕಿರಲಿಲ್ಲ. ಅಣ್ಣ ಮನೆಗೆ ಬರುತ್ತಾನೋ ಇಲ್ಲವೋ ಎಂಬುದಷ್ಟೇ ಬೇಕಿತ್ತು. ಆದರೆ ಅಜ್ಜನವರ ಮುಂದೆ ಹಾಗೆನ್ನಲು ಬಾಯಿ ಬರಲಿಲ್ಲ. ಕೂತ.

ಅಜ್ಜನವರು ಹೇಳತೊಡಗಿದರು.

ಒಂದೂರಿನಲ್ಲಿ ಅಣ್ಣ ತಮ್ಮ ಇಬ್ಬರು ನೇಕಾರರು. ಇಬ್ಬರದೂ ಕುಣಿಮಗ್ಗ. ನೆಲ ಅಗೆದು ಕುಣಿ ಮಾಡಿ, ಅದರ ದಂಡೆಯ ಮೇಲೆ ಕೂತು, ಕಾಲನ್ನು ಒಳಗೆ ಇಳಿಬಿಟ್ಟು ತುಳಿಯುತ್ತ ನೇಯುವ ಮಗ್ಗ ಅದು. ಅವರಲ್ಲಿ ನೇಕಾರನ ಜಾಗವೆಂದರೆ ಅವನ ಕುಣಿ. ಅಲ್ಲೇ ಅವನ ದುಡಿಮೆ, ಅಲ್ಲೇ ಅವನ ಹರಟೆ. ಬಂದ ನೆಂಟರು ಮಾತಾಡಿಸುವುದೂ ಅಲ್ಲಿಗೇ ಬಂದು.

ಅಣ್ಣನ ಮನಸ್ಸು ಕೆಟ್ಟಿತು. ನೂಲಿನೊಳಗಿಂದ ಯಾರೋ ತನ್ನನ್ನು ಬಯ್ಯುತ್ತಾರೆ ಎಂದ. ಅನ್ನ ಬಿಟ್ಟ, ನಿದ್ದೆ ಬಿಟ್ಟ. ಕೊನೆಗೆ ಅರ್ಧ ನೇಯ್ದ ಸೀರೆಯನ್ನು ತಾನೇ ಕತ್ತರಿಸಿ ಹಾಕಿದ. ತಮ್ಮ ಅಳುತ್ತಲೇ ಅವನನ್ನು ಪಟ್ಟಣದ ಆಸ್ಪತ್ರೆಗೆ ಸೇರಿಸಿ ಬಂದ.

ತಮ್ಮ ಕೆಟ್ಟವನಲ್ಲ. ಅಣ್ಣನೆಂದರೆ ಅವನಿಗೆ ಪ್ರಾಣ. ಈ ಮಗ್ಗವೇ ಅಣ್ಣನ ತಲೆ ತಿಂದದ್ದು, ಇನ್ನು ಅವನು ದುಡಿದದ್ದು ಸಾಕು, ಬಂದರೆ ಹಾಯಾಗಿರಲಿ ಎಂದುಕೊಂಡ. ಅಣ್ಣನ ಮಗ್ಗ ಬಿಚ್ಚಿದ. ಕುಣಿಗೆ ಮಣ್ಣು ತುಂಬಿ, ಗುದ್ದಿ ಗಟ್ಟಿ ಮಾಡಿ, ಸಾರಿಸಿ, ಅದರ ಮೇಲೊಂದು ಮಂಚ ಹಾಕಿದ. ತಮ್ಮನೆಂದರೆ ಇಂಥವನಿರಬೇಕು ಎಂದು ಓಣಿಯವರೆಲ್ಲ ಹೊಗಳಿದರು.

"ಸರಿಯಾಗಿಯೇ ಮಾಡಿದನಲ್ಲ ಅಜ್ಜಾರೆ," ಎಂದ ಗುರುಪಾದ. "ನಾವೂ ಅಣ್ಣನ ದರ್ಜಿ ಅಂಗಡಿ ಮುಚ್ಚಿಸಿದೆವು. ಹೊಲಿಗೆ ಮಷೀನು ಬೇರೆಯವರಿಗೆ ಕೊಟ್ಟುಬಿಟ್ಟೆವು. ಅವನಿಗೆ ಇನ್ನು ಯಾವ ತಾಪತ್ರಯವೂ ಬೇಡ ಅಂತ."

ಅಜ್ಜನವರು ಇನ್ನೊಂದು ಶೇಂಗಾ ಸುಲಿದು ಬಾಯಿಗೆ ಹಾಕಿಕೊಂಡರು. ಕತೆ ಮುಂದುವರಿಸಿದರು.

ಆಸ್ಪತ್ರೆಯಲ್ಲಿ ಮದ್ದು ತನ್ನ ಕೆಲಸ ಮಾಡಿತು. ಮದ್ದಿಲ್ಲದೆ ಆಗುವ ಮಾತಲ್ಲ ಅದು. ತಾಯತ ಸಾಕು ಎನ್ನುವವರಿದ್ದರೆ ನನ್ನ ಹತ್ತಿರ ಕಳಿಸು, ನಾನು ಮಾತಾಡುತ್ತೇನೆ. ಅದೇ ವಾರ್ಡಿನಲ್ಲಿ ಒಬ್ಬ ಬಳೆಗಾರನಿದ್ದ. ಅವನ ರೋಗ ಇವನದಕ್ಕಿಂತ ದೊಡ್ಡದು, ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿದ್ದ. ಅವನ ಹೆಂಡತಿ ಬಾಯಿ ಜೋರಿನವಳು. ಬಂದಾಗಲೆಲ್ಲ, "ನಿನ್ನ ಬಳೆಯ ಮಲಾರ ಹೊತ್ತು ಹೊತ್ತು ನನ್ನ ಹೆಗಲು ಬಿದ್ದುಹೋಯಿತು, ಬೇಗ ಬಂದು ನೀನೇ ಹೊರು" ಎಂದು ಜಗಳ ತೆಗೆಯುತ್ತಿದ್ದಳು. ಅವನು ಗುಣವಾಗಿ ಮನೆಗೆ ಹೋದವನು ತಿರುಗಿ ಬರಲಿಲ್ಲ.

ನೇಕಾರನೂ ಉಂಡ, ಮಲಗಿದ, ನಕ್ಕ. ನೂಲು ಬಯ್ಯುವುದು ನಿಂತಿತು. ಡಾಕ್ಟರು ಮಾತ್ರೆ ಕೊಟ್ಟು, ತಪ್ಪದೆ ನುಂಗು ಎಂದು ಹೇಳಿ ಮನೆಗೆ ಕಳಿಸಿದರು.

ಅಣ್ಣ ಹೊಸ್ತಿಲು ದಾಟಿ ತನ್ನ ಮೂಲೆಗೆ ಹೋದ. ಮಂಚ ಕಂಡಿತು. ತಮ್ಮ ಕೈಹಿಡಿದು ಅದರ ಮೇಲೆ ಕೂಡಿಸಿದ. ನೂಲು ಸುತ್ತಲು ಹೋದರೆ ತಮ್ಮನ ಹೆಂಡತಿ, ನಿಮಗ್ಯಾಕೆ ಎಂದು ಉಂಡೆ ತೆಗೆದುಕೊಂಡಳು. ಮಕ್ಕಳು ದೊಡ್ಡಪ್ಪನ ಹತ್ತಿರ ಓಡಿದರೆ, ಅವರಿಗೆ ತ್ರಾಸು ಕೊಡಬೇಡಿ ಎಂದು ಹಿಂದಕ್ಕೆ ಕರೆದಳು. ಯಾರೂ ಒಂದು ಕೆಟ್ಟ ಮಾತಾಡಲಿಲ್ಲ. ಅಣ್ಣ ಕೆಲವು ದಿನ ಮಂಚದ ಮೇಲೆ ಕೂತು ತಮ್ಮನ ಮಗ್ಗದಲ್ಲಿ ಲಾಳಿ ಓಡುವುದನ್ನು ನೋಡಿದ. ಒಂದು ಮುಂಜಾನೆ ಚೀಲ ಹಿಡಿದು, ಬಸ್ಸು ಹತ್ತಿ, ತಾನೇ ಆಸ್ಪತ್ರೆಗೆ ಹೋದ.

"ಮತ್ತೆ ಬಯ್ಗುಳ ಕೇಳುತ್ತಿದೆಯೇ?" ಎಂದರು ಡಾಕ್ಟರು.

"ಇಲ್ಲ. ಇಲ್ಲಿಯಾದರೆ ಗಿಡಕ್ಕೆ ನೀರು ಹಾಕಲು ಕರೆಯುತ್ತಾರೆ. ಅಲ್ಲಿ ನನಗೆ ಕಾಲು ಇಳಿಬಿಡಲು ಜಾಗವಿಲ್ಲ."

ತಮ್ಮ ಓಡಿಬಂದು, ಇನ್ನೂ ಗಟ್ಟಿ ಮದ್ದು ಕೊಡಿ ಎಂದು ಗೋಗರೆದ. ಮದ್ದು ಸಾಕು, ಮುಚ್ಚಿದ ಕುಣಿಯನ್ನು ಮತ್ತೆ ತೆಗೆ ಎಂದರು ಡಾಕ್ಟರು. ತಮ್ಮನಿಗೆ ಹೆದರಿಕೆ. ಅವನು ಪೂರ್ತಿ ಗುಣವಾಗಲಿ, ಆಮೇಲೆ ತೆಗೆಯುತ್ತೇನೆ ಎಂದ. ಹುಚ್ಚು ಬಿಡುವ ತನಕ ಮದುವೆಯಾಗದು, ಮದುವೆಯಾಗುವ ತನಕ ಹುಚ್ಚು ಬಿಡದು ಎನ್ನುತ್ತಾರಲ್ಲ, ಹಾಗಾಯಿತು ಅವರ ಬಾಳು. ಹಬ್ಬ ಬಂದಾಗಲೆಲ್ಲ ತಮ್ಮ ಹೋಳಿಗೆ ಕಟ್ಟಿಕೊಂಡು ಹೋಗುತ್ತಿದ್ದ. ಇಬ್ಬರೂ ಕೂತು ತಿನ್ನುತ್ತಿದ್ದರು, ಅಳುತ್ತಿದ್ದರು. ಸಂಜೆಯ ಬಸ್ಸಿಗೆ ತಮ್ಮ ಒಬ್ಬನೇ ಮರಳುತ್ತಿದ್ದ. ಅಣ್ಣನ ತಲೆಗೂದಲು ಅಲ್ಲಿಯೇ ಬೆಳ್ಳಗಾಯಿತು.

ಅಜ್ಜನವರು ಅಲ್ಲಿಗೆ ನಿಲ್ಲಿಸಿದರು. ಗುರುಪಾದ ಕೇಳಿದ: "ಕೊನೆಗಾದರೂ ಅವನು ಮನೆಗೆ ಬಂದನೇ ಅಜ್ಜಾರೆ?"

"ಹೇಗೆ ಬಂದಾನು? ತಮ್ಮ ಇನ್ನೂ ಸಲಿಕೆ ಹಿಡಿದಿಲ್ಲ, ಇಲ್ಲಿ ನನ್ನ ಮುಂದೆ ಕೂತಿದ್ದಾನೆ."